ಹಳೆಯ ಬುಲೆಟ್ಟನ್ನು ದೂರದ ಸವಾರಿಗೆ ಸಿದ್ಧಗೊಳಿಸುವಾಗ ಸೀಟಿಗಿಂತ ಮೊದಲು ನೋಡಬೇಕಾದದ್ದು

ನಿಮ್ಮ ಪ್ರಶ್ನೆಯ ಸಾರ ಇಷ್ಟು: ತಂದೆಯವರು 1994ರಲ್ಲಿ ಕೊಂಡ 350 ಸಿ.ಸಿ. ಬುಲೆಟ್ ಆರು ವರ್ಷಗಳಿಂದ ಹಾಸನದ ಮನೆಯ ಶೆಡ್ಡಿನಲ್ಲಿ ನಿಂತಿತ್ತು. ಈಚೆಗೆ ಅದನ್ನು ಹೇಗೋ ಸ್ಟಾರ್ಟ್ ಮಾಡಿಸಿ ಅರ್ಧ ಗಂಟೆ ಓಡಿಸಿದಾಗ ಸೊಂಟ ಹಿಡಿಯಿತು, ಅಂಗೈ ಜೋಮು ಹಿಡಿಯಿತು. ಪತ್ನಿಯನ್ನು ಕೂರಿಸಿಕೊಂಡು ಕರಾವಳಿಯವರೆಗೆ ಹೋಗಿಬರುವ ಆಸೆಯಿದೆ. ಒಳ್ಳೆಯ ಸೀಟು ಮತ್ತು ಎತ್ತರದ ಹ್ಯಾಂಡಲ್ ಹಾಕಿಸಿದರೆ ಸಾಕೇ, ಬಣ್ಣವನ್ನೂ ಹೊಸದಾಗಿ ಮಾಡಿಸಬೇಕೇ ಎಂದು ಕೇಳಿದ್ದೀರಿ.

ಸಾಲದು. ಇದನ್ನು ಕೈಯಿಂದ ಹಣ ಕಳೆದುಕೊಂಡು ಕಲಿತು ಹೇಳುತ್ತಿದ್ದೇನೆ. ನನ್ನಲ್ಲಿರುವುದೂ ಇದೇ ಜಾತಿಯ, 1996ರ ಬುಲೆಟ್. ಶಿವಮೊಗ್ಗದಲ್ಲಿ ಅದಕ್ಕೆ ಮರಳಿ ಜೀವ ಬರಿಸಿದ ಮೊದಲ ವರ್ಷವೇ ನಾನು ಎರಡು ಬಗೆಯ ಸೀಟು ಮತ್ತು ಒಂದು ಎತ್ತರದ ಹ್ಯಾಂಡಲನ್ನು ಕೊಂಡು ಹಾಕಿಸಿದ್ದೆ. ಆದರೂ ತೀರ್ಥಹಳ್ಳಿ ತಲುಪುವಷ್ಟರಲ್ಲಿ ಸೊಂಟ ಹಿಡಿಯುತ್ತಲೇ ಇತ್ತು. ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡೂ ಕೈಗಳಿಂದ ಹಿಡಿದು ಅಡ್ಡಕ್ಕೆ ಅಲುಗಿಸಿ ತೋರಿಸಿದರು. ಹಿಂದಿನ ಚಕ್ರವನ್ನು ಚಾಸಿಗೆ ಜೋಡಿಸುವ ಸ್ವಿಂಗ್ ಆರ್ಮಿನ ಬುಷ್ಷುಗಳು ಸವೆದು, ಚಕ್ರವು ತಿರುಗಣಿ ಸಡಿಲವಾದ ಕದದಂತೆ ಆಡುತ್ತಿತ್ತು. ಆ ಓಲಾಟವನ್ನು ನನಗೇ ಅರಿವಿಲ್ಲದೆ ದಾರಿಯುದ್ದಕ್ಕೂ ತಿದ್ದಿ ತಿದ್ದಿ ಸೊಂಟವೂ ಭುಜವೂ ದಣಿಯುತ್ತಿದ್ದವು. ಹಳೆಯ ಬುಲೆಟ್ಟಿನಲ್ಲಿ ಆರಾಮದ ಬಹುಪಾಲು, ಸವೆದುಹೋದುದನ್ನು ಮೊದಲಿನ ಅಳತೆಗೆ ತರುವುದರಿಂದಲೇ ಸಿಗುತ್ತದೆ ಎಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ.

ಕೆಲಸಕ್ಕೆ ಕೈಹಾಕುವ ಮೊದಲು ಈ ಎಂಜಿನ್ನಿನ ಸ್ವಭಾವವನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ವಿನ್ಯಾಸವನ್ನು 1955ರಿಂದ ಮದ್ರಾಸಿನಲ್ಲಿ ತಯಾರಿಸುತ್ತ ಬಂದ ಈ ಬೀಡುಕಬ್ಬಿಣದ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 90 ಮಿ.ಮೀ., ಒಟ್ಟು ಗಾತ್ರ 346 ಸಿ.ಸಿ., ಶಕ್ತಿ ಸುಮಾರು 18 ಅಶ್ವಶಕ್ತಿ. ಸ್ಟ್ರೋಕ್ ಉದ್ದವಾಗಿರುವುದರಿಂದಲೂ ಎಂಜಿನ್ನಿನೊಳಗೆ ತಿರುಗುವ ಫ್ಲೈವೀಲ್ ಚಕ್ರಗಳು ಭಾರವಾಗಿರುವುದರಿಂದಲೂ ಅದು ಕಡಿಮೆ ವೇಗದಲ್ಲಿ ದಣಿಯದೆ ಎಳೆಯುತ್ತದೆ, ಹೆಚ್ಚಿನ ವೇಗದಲ್ಲಿ ನಡುಗುತ್ತದೆ. ಗಂಟೆಗೆ 60ರಿಂದ 70 ಕಿ.ಮೀ. ವೇಗದಲ್ಲಿ ದಿನವಿಡೀ ಓಡುವ ಈ ಗಾಡಿಯಿಂದ 90 ಕಿ.ಮೀ. ವೇಗದ ಆರಾಮವನ್ನು ನಿರೀಕ್ಷಿಸಿದರೆ, ಎಷ್ಟೇ ಖರ್ಚು ಮಾಡಿದರೂ ಅಂಗೈಯ ಜೋಮು ಹೋಗುವುದಿಲ್ಲ.

ಆರು ವರ್ಷ ನಿಂತ ಗಾಡಿಯನ್ನು ಇನ್ನೊಮ್ಮೆ ಕಿಕ್ ಮಾಡುವ ಮೊದಲು ದಯವಿಟ್ಟು ಎಂಜಿನ್ ಆಯಿಲನ್ನು ಪೂರ್ತಿ ಇಳಿಸಿ. ಬಹಳ ದಿನ ನಿಂತ ಬುಲೆಟ್ಟಿನಲ್ಲಿ ಆಯಿಲ್ ತನ್ನ ಕೋಣೆಯಿಂದ ನಿಧಾನವಾಗಿ ಸೋರಿ ಕ್ರ್ಯಾಂಕ್ ಕೇಸಿನಲ್ಲಿ ತುಂಬಿಕೊಳ್ಳುತ್ತದೆ. ಸ್ಟಾರ್ಟ್ ಮಾಡಿದೊಡನೆ ದಟ್ಟ ಹೊಗೆ ಬಂದು, ಪಿಸ್ಟನ್ ಹೋಯಿತೆಂದು ಮಾಲೀಕರು ಗಾಬರಿಯಾಗುವುದು ಎಷ್ಟೋ ಸಲ ಈ ಕಾರಣಕ್ಕೆ. ಫಿಲ್ಟರನ್ನು ಬದಲಿಸಿ 20ಡಬ್ಲ್ಯು50 ಆಯಿಲ್ ಹಾಕಿ. ನಂತರ ಹೆಡ್ ಮತ್ತು ಸಿಲಿಂಡರನ್ನು ಬಿಚ್ಚಿಸಿ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲಕ್ಕೂ ಕೆಳಕ್ಕೂ ಎಳೆದು ನೋಡಬೇಕು. ಆ ದಿಕ್ಕಿನಲ್ಲಿ ಆಟ ಕಂಡರೆ ಬಿಗ್ ಎಂಡ್, ಅಂದರೆ ರಾಡಿನ ಕೆಳತುದಿಯ ಬೇರಿಂಗ್, ಸವೆದಿದೆ ಎಂದರ್ಥ. ಹಳೆಯ ಫ್ಲೋಟಿಂಗ್ ಬುಷ್ಷಿನ ಬದಲು ರೋಲರ್ ಬೇರಿಂಗ್ ಇರುವ ರಾಡ್ ಹಾಕಿಸುವವರು ಬಹಳ ಮಂದಿ ಇದ್ದಾರೆ, ನಾನೂ ಹಾಕಿಸಿದ್ದೇನೆ. ಆದರೆ ಎರಡು ಫ್ಲೈವೀಲುಗಳನ್ನು ಮರಳಿ ಜೋಡಿಸಿದ ಮೇಲೆ ಅವು ಓರೆಯಿಲ್ಲದೆ ತಿರುಗುತ್ತವೆಯೇ ಎಂಬುದನ್ನು ಡಯಲ್ ಗೇಜ್ ಇಟ್ಟು ನೋಡುವ ಲೇತ್‌ನವರಿಗೆ ಮಾತ್ರ ಆ ಕೆಲಸ ಕೊಡಿ. ಅಲ್ಲಿ ಉಳಿದ ಓರೆಯೇ ಮುಂದೆ ನಿಮ್ಮ ಅಂಗೈಗೆ ನಡುಕವಾಗಿ ಬರುತ್ತದೆ.

ಟ್ಯಾಪೆಟ್, ಅಂದರೆ ವಾಲ್ವುಗಳನ್ನು ತೆರೆಯುವ ಭಾಗದ ಸಡಿಲ, ಹೊಂದಿಸುವುದು ಈ ಎಂಜಿನ್ನಿನಲ್ಲಿ ಸುಲಭ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಷನ್ನಿನ ತುದಿಯಲ್ಲಿ ಪಿಸ್ಟನ್ನನ್ನು ನಿಲ್ಲಿಸಿದಾಗ, ಪುಶ್‌ರಾಡ್‌ಗಳು ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ. ಇರಲಿ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ತಂದೆಯವರ ಕಾಲಕ್ಕೂ ಇಂದಿಗೂ ವ್ಯತ್ಯಾಸವಿದೆ. ಈಗ ಬಂಕಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತದೆ. ಎಥನಾಲ್ ನೀರಿನ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ, ಮಿಶ್ರಣವನ್ನು ಸ್ವಲ್ಪ ತೆಳುವಾಗಿಸುತ್ತದೆ. ಟ್ಯಾಂಕಿನ ಒಳಗಿನ ತುಕ್ಕನ್ನು ತೆಗೆಸಿ, ಪೆಟ್ರೋಲ್ ಪೈಪನ್ನೂ ಕಾರ್ಬ್ಯುರೇಟರಿನ ರಬ್ಬರ್ ಭಾಗಗಳನ್ನೂ ಹೊಸದಾಗಿಸಿ. ಹತ್ತಿಪ್ಪತ್ತು ಕಿ.ಮೀ. ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡಿದರೆ ಬಿಸ್ಕತ್ತಿನ ಬಣ್ಣವಿರಬೇಕು. ಸುಣ್ಣದಂತೆ ಬೆಳ್ಳಗಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿ. ಘಾಟಿ ಏರುವಾಗ ಬೀಡುಕಬ್ಬಿಣದ ಎಂಜಿನ್ ಸಾಕಷ್ಟು ಕಾಯುತ್ತದೆ, ತೆಳು ಮಿಶ್ರಣ ಅದನ್ನು ಇನ್ನಷ್ಟು ಕಾಯಿಸುತ್ತದೆ.

ಇನ್ನು ನಿಮ್ಮ ಸೊಂಟಕ್ಕೆ ನೇರವಾಗಿ ಸಂಬಂಧಿಸಿದ ಭಾಗ. ಬುಲೆಟ್ಟಿನ ಎಂಜಿನ್ ಮತ್ತು ಚಾಸಿಯ ನಡುವೆ ರಬ್ಬರ್ ಇಲ್ಲ. ಎಂಜಿನ್ನೇ ಚಾಸಿಯ ಒಂದು ತುಂಡಿನಂತೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿದೆ. ಆ ಬೋಲ್ಟುಗಳು, ಅದರಲ್ಲೂ ಹೆಡ್ಡಿನಿಂದ ಚಾಸಿಗೆ ಹೋಗುವ ಮೇಲಿನ ಪಟ್ಟಿಯ ಬೋಲ್ಟುಗಳು ಸಡಿಲವಾಗಿದ್ದರೆ ಅಥವಾ ಆ ಪಟ್ಟಿಯನ್ನು ಯಾರೋ ಹಿಂದೆ ಬಿಚ್ಚಿ ಹಾಕದೆ ಬಿಟ್ಟಿದ್ದರೆ, ನಡುಕ ಎರಡು ಪಟ್ಟಾದಂತೆ ಅನಿಸುತ್ತದೆ. ನನ್ನ ಗಾಡಿಯಲ್ಲಿ ಆ ಪಟ್ಟಿ ಇರಲೇ ಇಲ್ಲ. ಅಲ್ಪ ಬೆಲೆಯ ಆ ಕಬ್ಬಿಣದ ತುಂಡು ಮಾಡಿದ ಉಪಕಾರವನ್ನು ದುಬಾರಿ ಗ್ರಿಪ್ಪುಗಳು ಮಾಡಲಿಲ್ಲ. ಬಳಿಕ ಸ್ವಿಂಗ್ ಆರ್ಮಿನ ಬುಷ್, ಹಿಂದಿನ ಹಬ್ಬಿನೊಳಗೆ ಎಳೆತದ ಹೊಡೆತವನ್ನು ತಗ್ಗಿಸುವ ಕುಶ್ ರಬ್ಬರ್, ಸ್ಟೀರಿಂಗಿನ ಬಟ್ಟಲು ಮತ್ತು ಗೋಲಿಗಳನ್ನು ಬದಲಿಸಿ. ಗೋಲಿಗಳ ಜಾಗದಲ್ಲಿ ಟೇಪರ್ ರೋಲರ್ ಬೇರಿಂಗ್ ಕೂರಿಸಬಹುದು. ತಗ್ಗುದಿಣ್ಣೆಯ ರಸ್ತೆಯಲ್ಲಿ ಅದು ಹೆಚ್ಚು ಬಾಳುತ್ತದೆ. ಮುಂದಿನ ಫೋರ್ಕಿನಲ್ಲಿ ಎರಡೂ ಕಡೆ ಒಂದೇ ಅಳತೆಯ ಹೊಸ ಆಯಿಲ್ ಇರಬೇಕು. ಹಿಂದಿನ ಶಾಕ್ ಅಬ್ಸಾರ್ಬರನ್ನು ಕೈಯಿಂದ ಒತ್ತಿಬಿಟ್ಟಾಗ ಅದು ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಅದರೊಳಗೆ ಉಳಿದಿರುವುದು ಸ್ಪ್ರಿಂಗ್ ಮಾತ್ರ. ಪತ್ನಿಯವರು ಹಿಂದೆ ಕೂರುವ ದಿನ ಸ್ಪ್ರಿಂಗಿನ ಬಿಗಿಯನ್ನು ಒಂದೆರಡು ಮೆಟ್ಟಿಲು ಏರಿಸಿಕೊಳ್ಳಿ.

ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಸಡಿಲವಾದ ಕಡ್ಡಿ ಮಂಕಾದ ದನಿ ಕೊಡುತ್ತದೆ. ರಿಮ್ ಓರೆ ತೆಗೆಸುವ ಕೆಲಸಕ್ಕೆ ಹಳೆಯ ಸೈಕಲ್ ಅಂಗಡಿಯ ಕೈ ಸಿಕ್ಕಿದರೆ ನಿಮ್ಮ ಅದೃಷ್ಟ. ಟೈರು ನೋಡಲು ಚೆನ್ನಾಗಿದ್ದರೂ ಆರು ವರ್ಷ ನಿಂತ ರಬ್ಬರ್ ಗಟ್ಟಿಯಾಗಿರುತ್ತದೆ, ಆದ್ದರಿಂದ 3.25-19 ಅಳತೆಯ ಹೊಸ ಜೋಡಿಯನ್ನು ಟ್ಯೂಬಿನೊಂದಿಗೆ ಹಾಕಿಸಿ. ದಪ್ಪ ಟೈರು ಗತ್ತಿಗೆ ಚೆಂದ, ತಿರುವಿನಲ್ಲಿ ಮಾತ್ರ ಗಾಡಿಯನ್ನು ಜಡವಾಗಿಸುತ್ತದೆ. ಬ್ರೇಕಿನ ಬಗ್ಗೆ ನನ್ನದು ಹಟದ ಅಭಿಪ್ರಾಯ. ಮುಂದೆ 6 ಇಂಚಿನ ಡ್ರಮ್ ಇದ್ದರೆ, ಬುಲೆಟ್ಟಿನದೇ ಆದ 7 ಇಂಚಿನ, ಎರಡು ಲೀಡಿಂಗ್ ಶೂ (ಚಕ್ರದ ಸುತ್ತಿನಿಂದಲೇ ಇನ್ನಷ್ಟು ಬಿಗಿಯಾಗಿ ಒತ್ತುವ ಬ್ರೇಕ್ ಶೂ) ಇರುವ ಹಬ್ಬಿಗೆ ಬದಲಾಯಿಸಿ, ಡ್ರಮ್ಮನ್ನು ಲೇತಿನಲ್ಲಿ ಸಮ ಮಾಡಿಸಿ ಹೊಸ ಲೈನಿಂಗ್ ಕೂರಿಸಿ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿ ಓಡಿಸುವವನ ಮೈ ಯಾವಾಗಲೂ ಬಿಗಿದಿರುತ್ತದೆ, ಅಂಥ ಮೈಗೆ ಯಾವ ಸೀಟೂ ಆರಾಮ ಕೊಡದು.

ವೈರಿಂಗ್ ವಿಷಯದಲ್ಲಿ ತೇಪೆ ಹಾಕುತ್ತ ಕೂರುವುದಕ್ಕಿಂತ ಪೂರ್ತಿ ಹೊಸ ಹಾರ್ನೆಸ್ ಹಾಕಿಸುವುದೇ ಲಾಭ. ಆಲ್ಟರ್ನೇಟರಿನ ಶಕ್ತಿ ಸೀಮಿತವಾದದ್ದರಿಂದ ಹೆಚ್ಚುವರಿ ದೀಪಗಳ ಆಸೆ ಬೇಡ.

ಇಷ್ಟಾದ ಮೇಲೆಯೇ ಸೀಟು. ಅಂಗಡಿಯಲ್ಲಿ ಒಂದು ನಿಮಿಷ ಕೂತಾಗ ಹಾಸಿಗೆಯಂತೆ ಮೆತ್ತಗೆನಿಸುವ ಸೀಟು ಎರಡನೇ ಗಂಟೆಗೆ ಕುಸಿದು, ಕೆಳಗಿನ ತಗಡು ಮೂಳೆಗೆ ಒತ್ತುತ್ತದೆ. ನಾನು ಹಾಳುಮಾಡಿಕೊಂಡ ಎರಡು ಸೀಟುಗಳೂ ಅಂಥವೇ. ಮೂರನೆಯದನ್ನು ಕಾರಿನ ಕುಶನ್ ಕೆಲಸದವರ ಬಳಿ ಎದುರಿಗೆ ಕೂತು ಮಾಡಿಸಿದೆ. ಕೆಳಗೆ ಗಟ್ಟಿ ಫೋಮ್, ಅದರ ಮೇಲೆ ಬೆರಳಿನ ದಪ್ಪದಷ್ಟು ಮೆತ್ತನೆಯ ಪದರ. ಕೂರುವ ಜಾಗ ಅಗಲ ಮತ್ತು ಸಮತಟ್ಟು. ಟ್ಯಾಂಕಿನ ಬಳಿ ತೊಡೆಗೆ ಒತ್ತದಂತೆ ಕಿರಿದು. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಜಾರಿ, ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಹೊದಿಕೆ ಹೊಲಿಸುವ ಮೊದಲು ಫೋಮಿಗೆ ಬಟ್ಟೆ ಸುತ್ತಿ ಎರಡು ಗಂಟೆ ಓಡಿಸಿ ಬನ್ನಿ, ಎಲ್ಲಿ ಕೆತ್ತಬೇಕೆಂದು ಆಗ ಗೊತ್ತಾಗುತ್ತದೆ. ಪತ್ನಿಯವರನ್ನೂ ಕೂರಿಸಿಯೇ ನೋಡಿ. ನಮ್ಮಲ್ಲಿ ಹಿಂದೆ ಕೂರುವವರ ಆರಾಮವನ್ನು ಕೇಳುವವರು ಕಡಿಮೆ. ನನ್ನ ಇಡೀ ಖರ್ಚಿನಲ್ಲಿ ಕಡಿಮೆ ಹಣ ಹಿಡಿದ ಕೆಲಸಗಳಲ್ಲಿ ಈ ಮೂರನೇ ಸೀಟೂ ಒಂದು.

ಎತ್ತರದ ಹ್ಯಾಂಡಲ್ಲನ್ನು ಬಿಟ್ಟುಬಿಡಿ. ಕೈಗಳು ಭುಜದ ಮಟ್ಟಕ್ಕೆ ಏರಿದರೆ ಗಾಳಿಗೆ ಎದೆಯೊಡ್ಡಿ ನೇತಾಡಿದಂತಾಗುತ್ತದೆ, ಬೆನ್ನಿನ ಕೆಳಭಾಗ ಪೂರ್ತಿ ಭಾರ ಹೊರುತ್ತದೆ. ನಾನು ಹಾಕಿಸಿದ್ದ ಎತ್ತರದ ಹ್ಯಾಂಡಲ್ಲಿಗೆ ಹಳೆಯ ಕೇಬಲ್ ಸಾಲದೆ, ಪೂರ್ತಿ ತಿರುಗಿಸಿದಾಗ ಆಕ್ಸಿಲರೇಟರ್ ತಾನಾಗಿಯೇ ಏರುತ್ತಿತ್ತು. ಅದನ್ನು ಕಂಡುಕೊಂಡದ್ದು ಮನೆಯ ಗೇಟಿಗೆ ಗುದ್ದಿದ ಮೇಲೆ. ಕಂಪನಿಯ ಹ್ಯಾಂಡಲ್ಲನ್ನೇ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮೊಣಕೈ ತುಸು ಮಡಿಯುವಂತೆ, ಮಣಿಕಟ್ಟು ನೇರವಾಗಿರುವಂತೆ ಹೊಂದಿಸಿ, ಕ್ಲಚ್ ಮತ್ತು ಬ್ರೇಕಿನ ಲಿವರುಗಳನ್ನು ಬೆರಳುಗಳ ಇಳಿಜಾರಿಗೆ ಸರಿಯಾಗಿ ತಗ್ಗಿಸಿದರೆ ಸಾಕು. ಲೆಗ್ ಗಾರ್ಡಿಗೆ ಹಾಕುವ ಹೆಚ್ಚುವರಿ ಫುಟ್‌ರೆಸ್ಟನ್ನು ಖಾಲಿ ನೇರ ರಸ್ತೆಯಲ್ಲಿ ಕಾಲು ಚಾಚಲು ಮಾತ್ರ ಬಳಸಿ. ನಿಮ್ಮ ಗಾಡಿಯಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರುವುದರಿಂದ, ಹೊಸ ಗಾಡಿಗಳ ರೂಢಿಯಿರುವ ಕಾಲು ಅವಸರದಲ್ಲಿ ಮೊದಲೇ ತಡವರಿಸುತ್ತದೆ, ಚಾಚಿಟ್ಟ ಕಾಲು ಬ್ರೇಕಿಗೆ ಇನ್ನೂ ತಡವಾಗಿ ಬರುತ್ತದೆ.

ಸಾಮಾನಿನ ಭಾರ ಹಿಂದಿನ ಆಕ್ಸಲಿನ ಹತ್ತಿರ, ತಗ್ಗಿನಲ್ಲಿ, ಎರಡೂ ಬದಿಗೆ ಸಮನಾಗಿ ತೂಗಬೇಕು. ಸೀಟಿನ ಹಿಂದಿನ ಕ್ಯಾರಿಯರಿನ ಮೇಲೆ ಹತ್ತು ಕಿಲೋ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನಡುಗುತ್ತದೆ. ಕ್ಯಾರಿಯರನ್ನಾಗಲಿ ಪೆಟ್ಟಿಗೆಯ ಪಟ್ಟಿಯನ್ನಾಗಲಿ ಚಾಸಿಗೆ ವೆಲ್ಡ್ ಮಾಡಿಸಬೇಡಿ, ಇರುವ ತೂತುಗಳಿಗೇ ಬೋಲ್ಟ್ ಹಾಕಿಸಿ. ನನ್ನ ಗಾಡಿಗೆ ಒಬ್ಬರು ಮಾಡಿದ ವೆಲ್ಡಿಂಗಿನ ಅಂಚಿನಲ್ಲೇ ಮರುವರ್ಷ ಬಿರುಕು ಕಾಣಿಸಿತು. ಎಂಜಿನ್ ಕಡೆಯ ಸ್ಪ್ರಾಕೆಟ್ಟನ್ನು 16ರಿಂದ 17 ಹಲ್ಲಿಗೆ ಏರಿಸಿದರೆ ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ಸುಮಾರು ಶೇ. 6ರಷ್ಟು ಇಳಿಯುತ್ತದೆಂಬುದು ನಿಜ, ಒಬ್ಬರೇ ಬಯಲು ರಸ್ತೆಯಲ್ಲಿ ಓಡಿಸುವವರಿಗೆ ಅದು ಹಿತ. ಆದರೆ ಹಾಸನದಿಂದ ಕಡಲಿಗೆ ಇಳಿಯುವವರು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಬ್ಬರ ಭಾರ ಹೊತ್ತು ಮರಳಿ ಏರಬೇಕಷ್ಟೆ. ನೀವು 16ರಲ್ಲೇ ಇರಿ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಆರ್.ಟಿ.ಒ.ದಲ್ಲಿ ಗಾಡಿ ತೋರಿಸಿ ನವೀಕರಿಸಬೇಕಾದ್ದರಿಂದ, ಚಾಸಿ ಕತ್ತರಿಸುವ, ಸದ್ದಿನ ಸೈಲೆನ್ಸರ್ ಹಾಕುವ ಕೆಲಸಕ್ಕೆ ಹೋಗದಿರುವುದು ಕ್ಷೇಮ. ಆ ಸದ್ದು ಮೂರು ಗಂಟೆ ಕಿವಿಗೆ ಬಡಿದರೆ ಬರುವ ತಲೆನೋವು ಬೇರೆ.

ಕೆಲಸ ಮುಗಿದ ತಕ್ಷಣ ಕರಾವಳಿಗೆ ಹೊರಡಬೇಡಿ. ರಿಬೋರ್ (ಸವೆದ ಸಿಲಿಂಡರನ್ನು ಕೊರೆದು ಹೊಸ ಪಿಸ್ಟನ್ ಕೂರಿಸುವುದು) ಆಗಿದ್ದರೆ ಮೊದಲ 500 ಕಿ.ಮೀ. ಗಂಟೆಗೆ 50 ಕಿ.ಮೀ. ಮೀರದಂತೆ, ವೇಗವನ್ನು ಏರಿಸಿ ಇಳಿಸುತ್ತ ಓಡಿಸಿ. ಮೊದಲ 50 ಕಿ.ಮೀ. ಆದ ಮೇಲೆ ಒಂದು ರಾತ್ರಿ ಎಂಜಿನ್ ತಣಿಯಲು ಬಿಟ್ಟು ಹೆಡ್ಡಿನ ನಟ್ಟುಗಳನ್ನು ಮತ್ತೆ ಬಿಗಿಸಿ, ಟ್ಯಾಪೆಟ್ ನೋಡಿ. 500ಕ್ಕೆ ಆಯಿಲ್ ಬದಲಿಸಿ. ಮೊದಲ ಘಾಟಿಯನ್ನು ಒಬ್ಬರೇ ಇಳಿದು ಏರಿ ಬನ್ನಿ. ಪೆಟ್ಟಿಗೆಯಲ್ಲಿ ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಪಾಯಿಂಟ್ ಸೆಟ್, ಕಂಡೆನ್ಸರ್, ಪ್ಲಗ್, ಒಂದು ಟ್ಯೂಬ್, ಚೈನ್ ಲಾಕ್ ಇರಲಿ.

ಬಣ್ಣದ ಪ್ರಶ್ನೆ ಉಳಿಯಿತು. ಟ್ಯಾಂಕಿನ ಮೇಲೆ ತಂದೆಯವರ ಕಾಲದ ಚಿನ್ನದ ಬಣ್ಣದ ಗೆರೆ ಇನ್ನೂ ಕಾಣುತ್ತಿದೆ ಎಂದು ಬರೆದಿದ್ದೀರಿ. ಆ ಗೆರೆಗಳನ್ನು ಕುಂಚ ಹಿಡಿದು ಕೈಯಿಂದಲೇ ಎಳೆಯುತ್ತಿದ್ದರು. ಒಳಗಿನ ತುಕ್ಕು ತೆಗೆಸಿ, ಹೊರಗೆ ಪಾಲಿಶ್ ಮಾಡಿಸಿ, ಹಾಗೆಯೇ ಬಿಡಿ. ಉಳಿದ ಆ ಹಣಕ್ಕೆ ಟೈರು ಬರುತ್ತದೆ.