ಹಾರ್ಡ್ ಡಿಸ್ಕ್ ಕಾಣಿಸ್ತಿಲ್ವಾ? ಮೊದಲು ಮೌಸ್‌ನಿಂದ ಕೈ ತೆಗೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ರಾಗ. ‘ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿದರೆ ಕಂಪ್ಯೂಟರ್‌ನಲ್ಲಿ ಕಾಣಿಸುವುದಿಲ್ಲ.’ ಕಾಣದಿರುವುದಕ್ಕೆ ನನ್ನ ತಕರಾರಿಲ್ಲ, ಯಂತ್ರ ಅಂದಮೇಲೆ ಕೆಡುತ್ತೆ. ಕಾಣದ ಮೇಲೆ ನೀವು ಮಾಡಿಕೊಳ್ಳುವ ಅವಾಂತರ ನೋಡಿ ಸಾಕಾಗಿದೆ. ರೀಸ್ಟಾರ್ಟ್ ಮಾಡಿ ನೋಡಿ ಅನ್ನುವುದನ್ನೆಲ್ಲ ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ಮಾಡಿಯೇ ಬಂದಿರುತ್ತೀರಿ.

ಪ್ರಶ್ನೆ: ನನ್ನ 2 ಟಿಬಿ ಡಿಸ್ಕನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಲೈಟ್ ಬರುತ್ತದೆ, ಆದರೆ ‘ದಿಸ್ ಪಿಸಿ’ಯಲ್ಲಿ ಏನೂ ಕಾಣುವುದಿಲ್ಲ. ಮಗಳ ಮದುವೆಯ ಫೋಟೊ, ವಿಡಿಯೊ ಎಲ್ಲ ಅದರಲ್ಲೇ ಇದೆ. ಬೇರೆ ಕಾಪಿ ಇಲ್ಲ. ‘ಫಾರ್ಮ್ಯಾಟ್ ಮಾಡಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಎಲ್ಲ ವಾಪಸ್ ಬರುತ್ತೆ’ ಎಂದು ಪಕ್ಕದ ಮನೆ ಹುಡುಗ ಹೇಳುತ್ತಿದ್ದಾನೆ. ಮಾಡಲೇ? (ತಿಪಟೂರಿನ ಓದುಗರು)

ಉತ್ತರ: ಬೇಡ. ಆ ಹುಡುಗನಿಗೆ ಕಾಫಿ ಕೊಟ್ಟು ಮನೆಗೆ ಕಳಿಸಿ.

ಅಂಗಡಿಗೆ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ‘ಡಿಸ್ಕ್ ಬೇಕಾ, ಅದರೊಳಗಿರೋದು ಬೇಕಾ?’ ಡಿಸ್ಕ್ ಮಾತ್ರ ಬೇಕಿದ್ದರೆ ಫಾರ್ಮ್ಯಾಟ್ ಮಾಡಿಕೊಳ್ಳಿ, ನನ್ನನ್ನು ಕೇಳಬೇಕಾಗಿಯೇ ಇಲ್ಲ. ಒಳಗಿರುವ ಫೋಟೊ ಬೇಕಿದ್ದರೆ ಆ ಡಿಸ್ಕ್ ಮೇಲೆ ಇನ್ನು ಒಂದಕ್ಷರವೂ ಬರೆಯಕೂಡದು. ಫಾರ್ಮ್ಯಾಟ್ ಎಂದರೆ ಬರೆಯುವುದೇ. ಕ್ವಿಕ್ ಫಾರ್ಮ್ಯಾಟ್ ಆದರೆ ಯಾವ ಫೈಲು ಎಲ್ಲಿದೆ ಎನ್ನುವ ಹಳೆಯ ವಿಳಾಸಪಟ್ಟಿಯ ಮೇಲೆ ಹೊಸ ಖಾಲಿ ಪಟ್ಟಿ ಬರೆಯುತ್ತದೆ. ಆ ‘ಕ್ವಿಕ್’ ಎದುರಿನ ಟಿಕ್ ತೆಗೆದುಬಿಟ್ಟರೆ, ವಿಸ್ಟಾ ಕಾಲದಿಂದಲೂ ವಿಂಡೋಸ್ ಇಡೀ ಡಿಸ್ಕಿಗೆ ಸೊನ್ನೆ ತುಂಬುತ್ತದೆ. ಸೊನ್ನೆಯಿಂದ ಮದುವೆ ಫೋಟೊ ತೆಗೆಯುವ ಸಾಫ್ಟ್‌ವೇರ್ ಯಾರ ಹತ್ತಿರವೂ ಇಲ್ಲ.

ಈಗ ಕೆಲಸಕ್ಕೆ ಬರೋಣ. ಲೈಟ್ ಬಂತು ಅಂದರೆ ಡಿಸ್ಕಿನ ಸರ್ಕ್ಯೂಟ್ ಬೋರ್ಡಿಗೆ ಕರೆಂಟ್ ಮುಟ್ಟಿದೆ, ಅಷ್ಟೇ. ಡೇಟಾ ಇರುವ ಒಳಗಿನ ತಟ್ಟೆ ತಿರುಗುತ್ತಿದೆಯಾ ನೋಡಬೇಕು. ಡಿಸ್ಕನ್ನು ಮೇಜಿನ ಮೇಲಿಟ್ಟು, ಫ್ಯಾನ್ ಆಫ್ ಮಾಡಿ, ಮೇಲೆ ಎರಡು ಬೆರಳು ಮೆಲ್ಲಗೆ ಇಡಿ. ತಿರುಗುತ್ತಿದ್ದರೆ ಸಣ್ಣ ನಡುಕ ಒಂದೇ ಸಮನೆ ಬೆರಳಿಗೆ ಬರುತ್ತದೆ.

ನಡುಕ ಇಲ್ಲ, ಅಥವಾ ಶುರುವಾಗಿ ನಿಂತು ಮತ್ತೆ ಶುರುವಾಗುತ್ತಿದೆ ಅಂದರೆ ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಯುಎಸ್‌ಬಿ 2 ಪೋರ್ಟ್ ಲೆಕ್ಕದ ಪ್ರಕಾರ 500 ಮಿಲಿಆಂಪ್ ಕೊಡುತ್ತದೆ, ಯುಎಸ್‌ಬಿ 3 ಆದರೆ 900. ನಿಂತ ತಟ್ಟೆಯನ್ನು ತಿರುಗಿಸಲು ಆ ಒಂದೆರಡು ಸೆಕೆಂಡ್ ಡಿಸ್ಕ್ ಹೆಚ್ಚುಕಡಿಮೆ ಒಂದು ಆಂಪ್ ಎಳೆಯಬಹುದು. ಹಳೆಯ ಲ್ಯಾಪ್‌ಟಾಪ್, ನಾಲ್ಕು ಬಾಯಿಯ ಅಗ್ಗದ ಹಬ್, ಡೆಸ್ಕ್‌ಟಾಪ್‌ನ ಮುಂದುಗಡೆ ಪೋರ್ಟ್, ಇವೆಲ್ಲ ಅಲ್ಲೇ ಕೈಕೊಡುತ್ತವೆ. ಆಗ ಬರುವ ‘ಟಿಕ್’ ಸದ್ದನ್ನೇ ಕೇಳಿ, ತಟ್ಟೆಯಿಂದ ಡೇಟಾ ಓದುವ ಹೆಡ್ ಹೋಯಿತೆಂದು ಅಳುವವರಿದ್ದಾರೆ. ಹಬ್ ಕಿತ್ತುಹಾಕಿ. ಡೆಸ್ಕ್‌ಟಾಪ್ ಆದರೆ ಹಿಂದುಗಡೆ ಪೋರ್ಟಿಗೆ ಹಾಕಿ. ಕೇಬಲ್ ಬದಲಿಸಿ. ಬದಲಿಸಿ ಅಂದರೆ ಅದೇ ಕೇಬಲನ್ನು ಅಲ್ಲಾಡಿಸಿ ನೋಡುವುದಲ್ಲ, ಬೇರೆಯವರದ್ದು ಕೇಳಿ ತಂದು ಹಾಕುವುದು. ಡಿಸ್ಕಿನ ಕಡೆ ಇರುವ ಆ ಅಗಲ ಚಪ್ಪಟೆ ಪಿನ್ ಒಳಗೆ ಕೂರುವುದೇ ಸ್ವಲ್ಪ. ನಾಲ್ಕು ಸಲ ಎಳೆದಾಡಿದರೆ ಸಡಿಲ.

ಎರಡು ವರ್ಷದ ಹಿಂದೆ, ವಿಜಯದಶಮಿ ಕಳೆದು ವಾರವಾಗಿರಬೇಕು, ಮದುವೆ ಸ್ಟುಡಿಯೊದವರೊಬ್ಬರು ಇಂಥದ್ದೇ ಡಿಸ್ಕ್ ತಂದರು. ನಾಲ್ಕು ಮದುವೆ, ಒಂದು ಗೃಹಪ್ರವೇಶ ಅದರಲ್ಲಿ. ಬೇರೊಂದು ಕಡೆ ‘ಹೆಡ್ ಹೋಗಿದೆ, 28 ಸಾವಿರ ಆಗುತ್ತೆ’ ಎಂದು ಹೇಳಿ ಕಳಿಸಿದ್ದರಂತೆ. ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆಲ್ಲ ಕೆಂಪು. ಆಯುಧ ಪೂಜೆಗೆ ಕ್ಯಾಮೆರಾ, ಕಂಪ್ಯೂಟರ್ ಜೊತೆ ಡಿಸ್ಕಿಗೂ ನೀರಲ್ಲಿ ಕಲಸಿದ ಅರಿಶಿನ ಕುಂಕುಮ ಹಚ್ಚಿದ್ದಾರೆ. ಅದು ಇಳಿದು ಪಿನ್‌ಗಳ ನಡುವೆ ಗಟ್ಟಿಯಾಗಿದೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹಳೆಯ ಟೂತ್‌ಬ್ರಷ್, ಅರ್ಧ ಗಂಟೆ ಒಣಗಲು ಬಿಟ್ಟೆ, ಹೊಸ ಕೇಬಲ್ ಹಾಕಿದೆ. ಎಲ್ಲ ಬಂತು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಬೊಟ್ಟು ಮೇಲುಗಡೆ ಇಡಿ, ಬಾಯಿಗಲ್ಲ.

ತಟ್ಟೆ ಒಂದೇ ಸಮನೆ ತಿರುಗುತ್ತಿದೆ, ಆದರೂ ಕಾಣುವುದಿಲ್ಲ ಅಂದರೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಇಲ್ಲಿ ನಿಮ್ಮ ಕೆಲಸ ಓದುವುದು ಮಾತ್ರ. ‘ಹೆಲ್ದಿ’ ಎಂದಿದ್ದು ಇ, ಎಫ್ ಅಂತ ಅಕ್ಷರ ಇಲ್ಲದಿದ್ದರೆ ಅದೃಷ್ಟವಂತರು. ರೈಟ್ ಕ್ಲಿಕ್ ಮಾಡಿ ಡ್ರೈವ್ ಲೆಟರ್ ಕೊಡಿ, ಮುಗಿಯಿತು. ಆಫೀಸಿನ ನೆಟ್‌ವರ್ಕ್ ಡ್ರೈವ್ ಅದೇ ಅಕ್ಷರ ಹಿಡಿದು ಕೂತಿದ್ದರೂ ಹೀಗಾಗುತ್ತದೆ. ಲೆಟರ್ ಕೊಡುವ ಆಯ್ಕೆಯೇ ಮಂಕಾಗಿದ್ದರೆ ಡಿಸ್ಕ್ ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆಗಿರಬಹುದು. ಮ್ಯಾಕ್ ಇರುವವರ ಮನೆಗೆ ಒಯ್ದು ನೋಡಿ.

‘ರಾ’ (ಒಳಗಿನ ವಿಳಾಸಪಟ್ಟಿ ವಿಂಡೋಸ್‌ಗೆ ಗುರುತು ಸಿಗುತ್ತಿಲ್ಲ) ಎಂದು ತೋರಿಸಿದರೆ, ಅಥವಾ ‘ನಾಟ್ ಇನಿಶಿಯಲೈಸ್ಡ್’ ಎಂದು ತೋರಿಸಿ ಡಿಸ್ಕಿನ ಜಾಗ ಹಂಚುವ ಪಟ್ಟಿ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳಿದರೆ, ಕ್ಯಾನ್ಸಲ್. ವಿಂಡೋಸ್ ಎಷ್ಟೇ ನಯವಾಗಿ ಕೇಳಲಿ, ಕ್ಯಾನ್ಸಲ್. ಹೊಸ ಡಿಸ್ಕಿಗೆ ಕೇಳಬೇಕಾದ ಪ್ರಶ್ನೆಯನ್ನು ಅದು ನಿಮ್ಮ ಹಳೆಯ ಡಿಸ್ಕಿಗೆ ಕೇಳುತ್ತಿದೆ. ಡಿಸ್ಕಿನ ತಪ್ಪು ಸರಿಮಾಡುವ ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಬೇಡ. ಅದಕ್ಕೆ ಬೇಕಿರುವುದು ಲೆಕ್ಕ ಸರಿಹೋಗುವುದು, ನಿಮ್ಮ ಫೋಟೊ ಅಲ್ಲ. ತಾಳೆಯಾಗದ್ದನ್ನು ಹೊಡೆದುಹಾಕಿ ಖಾತೆ ಮುಚ್ಚುವ ಗುಮಾಸ್ತನ ಹಾಗೆ.

ಈ ಹಂತದಲ್ಲಿ ಮಾಡಬೇಕಾದದ್ದು ಪೂರ್ತಿ ನಕಲು. ಅಷ್ಟೇ ಗಾತ್ರದ ಅಥವಾ ದೊಡ್ಡ ಇನ್ನೊಂದು ಡಿಸ್ಕ್ ತನ್ನಿ. ಲಿನಕ್ಸ್‌ನಲ್ಲಿ ನಕಲು ಮಾಡುವ ‘ಡಿಡಿರೆಸ್ಕ್ಯೂ’ ಎಂಬ ಸಾಫ್ಟ್‌ವೇರ್ ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ತಕರಾರು ಮಾಡುವ ಜಾಗಕ್ಕೆ ಆಮೇಲೆ ಮತ್ತೆ ಬರುತ್ತದೆ. ಮ್ಯಾಪ್‌ಫೈಲ್ ಹೆಸರು ಕೊಟ್ಟಿದ್ದರೆ ಎಲ್ಲಿಯವರೆಗೆ ಬಂದೆ ಎಂದು ಅದರಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಾಗಿಲ್ಲ. ಯಾವುದರಿಂದ ಯಾವುದಕ್ಕೆ ಎನ್ನುವುದನ್ನು ಮಾತ್ರ ಮೂರು ಸಲ ಓದಿ. ಉಲ್ಟಾ ಕೊಟ್ಟು ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನಕಲು ಮಾಡಿದವರನ್ನು ನಾನು ಕಂಡಿದ್ದೇನೆ. ಕಳೆದದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್‌ಗಳಲ್ಲಿ ‘ಟೆಸ್ಟ್‌ಡಿಸ್ಕ್’, ‘ಫೋಟೊರೆಕ್’ ಎರಡೂ ಪುಕ್ಕಟೆ, ಎರಡೂ ಒಳ್ಳೆಯವು. ಅವನ್ನು ಓಡಿಸುವುದು ನಕಲಿನ ಮೇಲೆ. ಇಷ್ಟಕ್ಕೆ ಧೈರ್ಯ ಸಾಲದಿದ್ದರೆ ಗೊತ್ತಿರುವವರಿಗೆ ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ನೋ ಮೀಡಿಯಾ’ ಎಂದು ಬಂದರೆ, ಅಥವಾ ಕೇಬಲ್, ಪೋರ್ಟ್ ಬದಲಿಸಿದ ಮೇಲೂ ಗಡಿಯಾರದ ಹಾಗೆ ಟಕ್ ಟಕ್ ಅನ್ನುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ‘ಇನ್ನೊಂದೇ ಸಲ’ ಎಂದು ಆನ್ ಮಾಡಬೇಡಿ. ಹೆಡ್ ಅನ್ನುವುದು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ಹಾರುತ್ತಿರುತ್ತದೆ. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್. ಕೆಟ್ಟ ಹೆಡ್ ತಟ್ಟೆಗೆ ತಾಗಿದರೆ ಆ ಒಂದೊಂದು ಸಲವೂ ಗೀರುತ್ತದೆ, ಗೀರಿದ ಜಾಗದಲ್ಲಿದ್ದ ಫೋಟೊ ಪುಡಿಯಾಗಿ ಉದುರುತ್ತದೆ. ಇದಕ್ಕೆ ಧೂಳಿಲ್ಲದ ಕೋಣೆ, ಹೊಂದುವ ಹೆಡ್ ಎರಡೂ ಬೇಕು. ಖರ್ಚು ಇದೆ, ಗ್ಯಾರಂಟಿ ಇಲ್ಲ. ನೋಡುವ ಮೊದಲೇ ಫೋನ್‌ನಲ್ಲಿ ‘ನೂರಕ್ಕೆ ನೂರು ತೆಗೆದುಕೊಡ್ತೀವಿ’ ಎನ್ನುವವನ ಹತ್ತಿರ ಹೋಗಬೇಡಿ.

ಇನ್ನು ವಾಟ್ಸಾಪ್ ವೈದ್ಯರು. ಫ್ರೀಜರ್‌ನಲ್ಲಿ ಇಡಿ ಅನ್ನುತ್ತಾರೆ. ಹೊರಗೆ ತೆಗೆದಾಗ ಹಾಲಿನ ಪ್ಯಾಕೆಟ್ ಮೇಲೆ ನೀರು ಕೂರುವುದನ್ನು ನೋಡಿದ್ದೀರಲ್ವಾ? ತಟ್ಟೆಯ ಮೇಲೂ ಹಾಗೇ ಕೂರುತ್ತದೆ. ಅಕ್ಕಿಯಲ್ಲಿ ಹೂಳಿಡುವುದು, ಮೊಣಕಾಲಿಗೆ ಬಡಿಯುವುದು, ಮುಚ್ಚಳ ಬಿಚ್ಚಿ ಊದುವುದು ಯಾವುದೂ ಬೇಡ. ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಕೂರಿಸಿದರೆ ಸಾಕು ಅನ್ನುವವರೂ ಇದ್ದಾರೆ. ಈಗಿನ ಬೋರ್ಡುಗಳ ಮೇಲಿನ ಚಿಪ್‌ನಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ವಿವರ ಇರುತ್ತದೆ. ಅದನ್ನೂ ಸಾಗಿಸದೆ ಸುಮ್ನೆ ಬೋರ್ಡ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಪ್ರಶ್ನೆ: ಟಿವಿಗೆ ಹಾಕಿದ ಮೇಲೆ ನನ್ನ ಡಿಸ್ಕ್ ಕಂಪ್ಯೂಟರ್‌ನಲ್ಲಿ ಖಾಲಿ ಎಂದು ತೋರಿಸುತ್ತಿದೆ.

ಉತ್ತರ: ರೆಕಾರ್ಡಿಂಗ್‌ಗೆ ಫಾರ್ಮ್ಯಾಟ್ ಮಾಡಲೇ ಎಂದು ಟಿವಿ ಕೇಳಿದಾಗ ರಿಮೋಟ್‌ನಲ್ಲಿ ಓಕೆ ಒತ್ತಿದ್ದೀರಿ. ಡಿಸ್ಕನ್ನು ಈಗಲೇ ಟಿವಿಯಿಂದ ಬಿಚ್ಚಿ, ಮೇಲಿನ ಉತ್ತರ ಓದಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಡಿಸ್ಕ್ ತೆರೆಯುತ್ತದೆ, ಆದರೆ ಅದರೊಳಕ್ಕೆ ಏನನ್ನೂ ಕಾಪಿ ಮಾಡಲು ಬಿಡುವುದಿಲ್ಲ. ಕೆಟ್ಟಿದೆಯೇ?

ಉತ್ತರ: ಇಲ್ಲ. ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ.

ಪ್ರಶ್ನೆ: ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಪಾಸ್‌ವರ್ಡ್ ಮರೆತಿದ್ದೇನೆ, 48 ಅಂಕಿಯ ರಿಕವರಿ ಕೀ ಕೂಡ ಇಲ್ಲ. ನೀವು ತೆಗೆಯುತ್ತೀರಾ?

ಉತ್ತರ: ಇಲ್ಲ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಕೀ ಉಳಿದಿದೆಯಾ ಹುಡುಕಿ. ಅಲ್ಲೂ ಇಲ್ಲದಿದ್ದರೆ ದುಡ್ಡು ಕೇಳುವವರು ಸಿಗುತ್ತಾರೆ, ಡೇಟಾ ಸಿಗುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ 1,800 ರೂಪಾಯಿಗೆ ಸಿಕ್ಕಿತು. ತುಂಬಿದ ಫೈಲುಗಳು ತೆರೆಯುತ್ತಿಲ್ಲ.

ಉತ್ತರ: ಬಿಚ್ಚಿ ನೋಡಿ. ಒಳಗೆ 16 ಟಿಬಿ ಅಲ್ಲ, ಸಣ್ಣ ಮೆಮೊರಿ ಕಾರ್ಡ್ ಇದ್ದೀತು.

ಪ್ರಶ್ನೆ: ಡಿಸ್ಕನ್ನು ನಿಮಗೆ ಕೊರಿಯರ್ ಮಾಡಬಹುದೇ?

ಉತ್ತರ: ಮಾಡಿ. ಬಬಲ್ ಕವರ್ ಎರಡು ಸುತ್ತು ಹಾಕಿ, ಅಲ್ಲಾಡದಂತೆ ಗಟ್ಟಿ ರಟ್ಟಿನ ಡಬ್ಬದಲ್ಲಿ ಇಡಿ. ಹೋದ ತಿಂಗಳು ಒಬ್ಬರು ಹಪ್ಪಳದ ಡಬ್ಬದಲ್ಲಿ ಹಾಕಿ ಕಳಿಸಿದ್ದರು, ಪ್ರೀತಿಯಿಂದ ಹಪ್ಪಳವನ್ನೂ ಬಿಟ್ಟಿದ್ದರು. ಹಪ್ಪಳ ಪುಡಿಯಾಗಿತ್ತು. ಡಿಸ್ಕ್ ಇನ್ನೂ ನೋಡಬೇಕು.