ಮೀನು ಸಾಕುವವರ ಪ್ರಶ್ನೆ: ಎರಡಡಿ ಟ್ಯಾಂಕಿಗೆ ಯಾವ ಸಕ್ಕರ್?

ಪ್ರಶ್ನೆ: ನಮ್ಮದು ಎರಡಡಿ ಟ್ಯಾಂಕ್. ಗಪ್ಪಿ, ಟೆಟ್ರಾ ಇವೆ. ಗಾಜಿಗೆ ಪಾಚಿ ಕಟ್ಟುತ್ತಿದೆ. ‘ಒಂದು ಸಕ್ಕರ್ ಹಾಕಿ, ಎಲ್ಲಾ ಕ್ಲೀನ್ ಮಾಡುತ್ತೆ’ ಅಂತಾರೆ ಅಂಗಡಿಯವರು. ತರಬಹುದಾ?
– ಓದುಗರು, ದಾವಣಗೆರೆ

ಉತ್ತರ: ಅಂಗಡಿಯಲ್ಲಿ ನೋಡಿದ್ದು ಎರಡಿಂಚಿನ ಮರಿ, ಅಲ್ವಾ? ಕಪ್ಪು ಕಂದು ಮೈ, ಮೈತುಂಬ ಚುಕ್ಕಿ. ಬಾಯಿಯಿಂದ ಗಾಜಿಗೆ ಅಂಟಿಕೊಳ್ಳುವ ಈ ಸಕ್ಕರ್ ಮೀನುಗಳಿಗೆ ಪ್ಲೆಕೊ ಅಂತಲೂ ಹೆಸರು. ನೀವು ನೋಡಿದ್ದು ಕಾಮನ್ ಪ್ಲೆಕೊ, ದಕ್ಷಿಣ ಅಮೆರಿಕದ ನದಿಗಳ ಮೀನು. ಒಂದಡಿ ದಾಟಿ ಬೆಳೆಯುತ್ತದೆ, ಒಂದೂವರೆ ಅಡಿಯ ಹತ್ತಿರ ಹೋಗುವುದೂ ಉಂಟು. ನಿಮ್ಮ ಟ್ಯಾಂಕಿನ ಅಗಲವೇ ಒಂದಡಿ ಇರಬೇಕು. ಅದು ತಿರುಗುವುದೆಲ್ಲಿ? ಚಿಕ್ಕ ಟ್ಯಾಂಕಲ್ಲಿ ಮೀನೂ ಚಿಕ್ಕದಾಗೇ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಕ್ಕಟ್ಟಿನಲ್ಲಿ, ಕೊಳೆ ನೀರಿನಲ್ಲಿ ಸೊರಗಿದ ಮೀನು ಅದು. ಪೂರ್ತಿ ಆಯಸ್ಸು ಬದುಕುವುದಿಲ್ಲ.

ಇನ್ನು ಕ್ಲೀನಿಂಗ್ ವಿಷಯ. ಮರಿಯಾಗಿದ್ದಾಗ ಪಾಚಿ ಚೆನ್ನಾಗಿ ಕೆರೆಯುತ್ತೆ. ದೊಡ್ಡದಾದ ಮೇಲೆ ಬೇರೆ ಮೀನಿಗೆ ಹಾಕಿದ ಆಹಾರದ ಮೇಲೇ ಕಣ್ಣು. ಉಳಿದ ಮೀನುಗಳ ಹಿಕ್ಕೆಯನ್ನಂತೂ ಮುಟ್ಟುವುದಿಲ್ಲ. ತಾನೇ ಉದ್ದುದ್ದ ದಾರದ ಹಾಗೆ ಹಿಕ್ಕೆ ಹಾಕಿ ತಳ ತುಂಬಿಸುತ್ತೆ. ಪಾಚಿಗೆ ಮದ್ದು ಬೇರೆ: ಟ್ಯಾಂಕಿಗೆ ಬಿಸಿಲು ಬೀಳದಂತೆ ನೋಡಿಕೊಳ್ಳಿ, ಲೈಟು ದಿನಕ್ಕೆ 6–8 ಗಂಟೆ ಸಾಕು, ಗಾಜನ್ನು ಹಳೇ ಎಟಿಎಂ ಕಾರ್ಡಿನಿಂದ ಕೆರೆಯಿರಿ.

ಆದರೂ ಪ್ಲೆಕೊ ಬೇಕೇ ಬೇಕು ಅಂದರೆ ಬ್ರಿಸಲ್‌ನೋಸ್ ಎಂಬ ಚಿಕ್ಕ ಜಾತಿಯ ಪ್ಲೆಕೊ ಕೇಳಿ. ನಾಲ್ಕೈದು ಇಂಚಿಗೆ ನಿಲ್ಲುತ್ತದೆ. 2x1x1 ಅಡಿ ಟ್ಯಾಂಕಿಗೆ ಅಂಚಿನವರೆಗೆ ತುಂಬಿದರೂ 56 ಲೀಟರ್ ನೀರು ಹಿಡಿಯುತ್ತೆ ಅಷ್ಟೆ, ಆದ್ದರಿಂದ ಒಂದೇ ಒಂದು ತನ್ನಿ. ಮೂರಡಿ ಟ್ಯಾಂಕಿದ್ದರೆ ಜೋಡಿ ಇಡಬಹುದಿತ್ತು.

ಮರಿಗಳಲ್ಲಿ ಗುರುತು ಹಿಡಿಯುವುದು ಕಷ್ಟ, ಮೂತಿಯ ಮೇಲಿನ ಮೀಸೆ ಆಮೇಲೆ ಬರುವುದು. ಅದೂ ಗಂಡಿಗೇ ಜಾಸ್ತಿ. ನಾನು ಬೆನ್ನಿನ ರೆಕ್ಕೆ ನೋಡುತ್ತೇನೆ. ಮೀನು ರೆಕ್ಕೆ ಬಿಚ್ಚುವವರೆಗೆ ಕಾದು ಒಳಗಿನ ಕಡ್ಡಿ ಎಣಿಸಿ. ಏಳೆಂಟು ಇದ್ದರೆ ಬ್ರಿಸಲ್‌ನೋಸ್ ಇರಬಹುದು. ಎತ್ತರದ ರೆಕ್ಕೆ, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕಡ್ಡಿ ಕಂಡರೆ ಅದು ದೊಡ್ಡದಾಗುವ ಜಾತಿ, ಅಲ್ಲೇ ಬಿಟ್ಟು ಬನ್ನಿ. ಗಾಜಿಗೆ ಅಂಟಿಕೊಂಡಾಗ ಹೊಟ್ಟೆಯನ್ನೂ ನೋಡಿ. ಒಳಗೆ ಹೋಗಿದ್ದರೆ ಬೇಡ, ಎಷ್ಟು ಅಗ್ಗವಾಗಿ ಕೊಟ್ಟರೂ ಬೇಡ.

ಪ್ರಶ್ನೆ: ಬ್ರಿಸಲ್‌ನೋಸ್ ತಂದೆ. ಟ್ಯಾಂಕಲ್ಲಿ ಪಾಚಿಯೇ ಇಲ್ಲ. ಹಗಲೆಲ್ಲ ಬಚ್ಚಿಟ್ಟುಕೊಂಡಿರುತ್ತೆ. ಏನು ತಿನ್ನಿಸಲಿ?
– ಓದುಗರು, ಪುತ್ತೂರು

ಉತ್ತರ: ರಾತ್ರಿ ಓಡಾಡುವ ಮೀನು. ಲೈಟ್ ಆರಿಸಿದ ಮೇಲೆ ಆಹಾರ ಹಾಕಿ. ಸೌತೆಕಾಯಿ ಹೋಳು, ಬೀನ್ಸ್, ಪಾಲಕ್ ಎಲೆ ಆಗುತ್ತೆ. ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿಟ್ಟು, ಆರಿಸಿ, ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕೆ ಬಿಡಿ. (ನಮ್ಮ ಮನೆಯಲ್ಲಿ ಫೋರ್ಕ್ ಎಲ್ಲಿ ಹೋಯಿತು ಅಂತ ಈಗ ಯಾರೂ ಕೇಳುವುದಿಲ್ಲ.) ಬೆಳಗ್ಗೆ ಸಿಪ್ಪೆ ಮಾತ್ರ ಉಳಿದಿರುತ್ತದೆ, ತೆಗೆದುಬಿಡಿ, ಇಲ್ಲದಿದ್ದರೆ ನೀರು ಕೆಡುತ್ತೆ. ತಳಕ್ಕಿಳಿಯುವ ಪ್ಲೆಕೊ ಬಿಲ್ಲೆಯೂ ವಾರಕ್ಕೆ ಎರಡು ಮೂರು ಸಲ ಇರಲಿ. ಒಂದು ತುಂಡು ಡ್ರಿಫ್ಟ್‌ವುಡ್ (ಟ್ಯಾಂಕಿನಲ್ಲಿ ಇಡುವ ಮರದ ತುಂಡು) ಹಾಕಿ, ಅದನ್ನು ಕೆರೆಯುತ್ತಾ ಇರುತ್ತೆ. ಅಡಗಲು ತೆಂಗಿನ ಚಿಪ್ಪು ಸಾಕು. ನಮ್ಮ ಗಂಡು ಮೀನು ಮೊಟ್ಟೆ ಇದ್ದಾಗ ಚಿಪ್ಪಿನ ಬಾಯಿಗೆ ಬಾಲ ಒಡ್ಡಿ, ರೆಕ್ಕೆಯಿಂದ ಗಾಳಿ ಹಾಕುತ್ತಾ ಕೂರುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋದರೆ ಮುಗಿಯಿತು, ಬಾಣಂತನವೆಲ್ಲ ಅಪ್ಪನದೇ.

ಪ್ರಶ್ನೆ: ಕಪ್ಪು ಬಿಳುಪು ಪಟ್ಟೆಯ ಜೀಬ್ರಾ ಪ್ಲೆಕೊ ಪಾಚಿ ತಿನ್ನುತ್ತಾ? ‘ಎಲ್046’ ಅಂದರೇನು?
– ಓದುಗರು, ಬೆಂಗಳೂರು

ಉತ್ತರ: ತಿನ್ನುವುದಿಲ್ಲ. ಅದಕ್ಕೆ ಮಾಂಸದ ಆಹಾರವೇ ಇಷ್ಟ. ಬ್ರೆಜಿಲ್‌ನ ಷಿಂಗು ನದಿಯ ಮೀನು, ಬೆಲೊ ಮೊಂಟೆ ಅಣೆಕಟ್ಟು ಕಟ್ಟಿದ್ದು ಅದರ ನೆಲೆಯಲ್ಲೇ. ಇನ್ನೂ ವಿಜ್ಞಾನದ ಹೆಸರು ಸಿಗದ ಪ್ಲೆಕೊಗಳಿಗೆ ಜರ್ಮನಿಯ ‘ಡಾಟ್ಸ್’ ಪತ್ರಿಕೆ 1988ರಲ್ಲಿ ನಂಬರ್ ಕೊಡಲು ಶುರು ಮಾಡಿತು, ಎಲ್046 ಅಂದರೆ ಹಾಗೆ ಈ ಜೀಬ್ರಾ ಪ್ಲೆಕೊಗೆ ಸಿಕ್ಕ ನಂಬರ್. ಮೊದಲ ಪ್ಲೆಕೊ ಆಗಿ ಬೇಡ. ತುಂಬಾ ದುಬಾರಿ, ಬೆಚ್ಚಗಿನ ನೀರು ಬೇಕು, ಹೊಳೆಯ ಸೆಳೆತವೂ ಬೇಕು.

ಪ್ರಶ್ನೆ: ಗೋಲ್ಡ್‌ಫಿಶ್ ಜೊತೆ ಸಕ್ಕರ್ ಇಟ್ಟಿದ್ದೇನೆ. ಅದೀಗ ಒಂದಡಿ ಆಗಿದೆ. ಗೋಲ್ಡ್‌ಫಿಶ್ ಮೈಮೇಲೆ ಗಾಯ. ಸಕ್ಕರನ್ನು ಕೆರೆಗೆ ಬಿಟ್ಟುಬಿಡಲೇ?
– ಓದುಗರು, ಶಿವಮೊಗ್ಗ

ಉತ್ತರ: ಕೆರೆಗೆ ಬೇಡವೇ ಬೇಡ. ನೀರಿನಲ್ಲಿ ಆಮ್ಲಜನಕ ಕಮ್ಮಿಯಾದರೆ ಮೇಲೆ ಬಂದು ಗಾಳಿ ನುಂಗಿ ಬದುಕುತ್ತೆ. ಏರಿಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ. ಕೇರಳ, ಆಂಧ್ರ, ಕೋಲ್ಕತ್ತದ ಜೌಗುಗಳಲ್ಲಿ ಹೀಗೆ ಸೇರಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ.

ಗಾಯಕ್ಕೆ ಸಕ್ಕರೇ ಕಾರಣ ಇರಬಹುದು, ರಾತ್ರಿ ನಿಧಾನದ ಮೀನುಗಳ ಮೈಯ ಲೋಳೆ ಕೆರೆಯುವ ಚಾಳಿ ಅದಕ್ಕಿದೆ. ಇವತ್ತೇ ಬೇರೆ ಮಾಡಿ. ಐದಾರು ಅಡಿ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ, ಇಲ್ಲವೇ ತಂದ ಅಂಗಡಿಯಲ್ಲೇ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಹಿಡಿಯುವಾಗ ಬಲೆ ಬಳಸಬೇಡಿ, ಪಕ್ಕದ ರೆಕ್ಕೆಯ ಮುಳ್ಳು ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ, ಮೀನನ್ನು ಮೆಲ್ಲಗೆ ಅದರೊಳಕ್ಕೆ ತಳ್ಳಿ, ನೀರಿನ ಸಮೇತ ಎತ್ತಿ. ಮುಚ್ಚಳ ಮರೆಯಬೇಡಿ, ಹಾರುತ್ತೆ.