ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಊರಿನವರೊಡನೆ ಜಗಳವಾಡಿದ್ದೇಕೆ?
ಕಮ್ಮಾರನ ಮಗನಾಗಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, 1327ರಲ್ಲಿ ಸಾಲದ ಹೊರೆಯಿದ್ದ ಮಠದ ಅಧಿಪತಿಯಾದ ರಿಚರ್ಡನಿಗೆ ಆದಾಯದ ಹಕ್ಕುಗಳನ್ನು ಉಳಿಸಿಕೊಳ್ಳುವುದು ಅನಿವಾರ್ಯವಾಗಿತ್ತು. ಧಾನ್ಯವನ್ನು ಮಠದ ಗಿರಣಿಯಲ್ಲೇ ಬೀಸಿಸಿ ಶುಲ್ಕ ತೆರಬೇಕೆಂಬುದು ಅಂಥದೊಂದು ಹಕ್ಕು. ಊರಿನವರು ಮನೆಯಲ್ಲೇ ಬೀಸಿಕೊಳ್ಳತೊಡಗಿದಾಗ ಅವನು ಅವರ ಬೀಸುವ ಕಲ್ಲುಗಳನ್ನು ಕಿತ್ತುಕೊಂಡು ಮಠದ ಕೋಣೆಯೊಂದರ ನೆಲಕ್ಕೆ ಹಾಸಿಸಿದನು. ನನ್ನ ಮಟ್ಟಿಗೆ ಇದು ಹಕ್ಕುಸಾಧನೆಯನ್ನು ಮೀರಿದ ಅವಮಾನ: 1381ರ ರೈತ ದಂಗೆಯಲ್ಲಿ ಜನ ಒಳನುಗ್ಗಿ, ಆ ಕಲ್ಲುಗಳನ್ನೇ ಕಿತ್ತು ಒಡೆದು, ಚೂರುಗಳನ್ನು ಪ್ರಸಾದದಂತೆ ಹಂಚಿಕೊಂಡರು.

ಆದರೆ ಅವನು ಬರಿಯ ಹಟಮಾರಿಯಲ್ಲ, ಅಪ್ರತಿಮ ಗಣಿತಜ್ಞ. ಕುಷ್ಠವೆಂದು ಹೇಳಲಾದ ಕಾಯಿಲೆಯಿಂದ ನರಳುತ್ತಲೇ, 1336ರಲ್ಲಿ ಸಾಯುವವರೆಗೂ ಸೂರ್ಯಚಂದ್ರರ ಚಲನೆಯನ್ನೂ ತೋರುವ ಖಗೋಳ ಗಡಿಯಾರವೊಂದಕ್ಕೆ ದುಡಿದನು. ಚರ್ಚಿನ ದುರಸ್ತಿ ಬಿಟ್ಟು ಇದಕ್ಕೇಕೆ ಖರ್ಚೆಂದು ದೊರೆ 3ನೇ ಎಡ್ವರ್ಡ್ ಆಕ್ಷೇಪಿಸಿದಾಗ, ಗೋಡೆ ಕಟ್ಟುವವರು ಮುಂದೆಯೂ ಬಂದಾರು, ಈ ಕೆಲಸ ಮುಗಿಸಬಲ್ಲವರು ಬರಲಾರರು ಎಂದು ಉತ್ತರಿಸಿದನೆಂದು ಮಠದ ಚರಿತ್ರೆ ದಾಖಲಿಸಿದೆ.